ಹಾಲಿನ ತೀವ್ರ ಅಲರ್ಜಿಯಾಗಿ ಐದು ತಿಂಗಳಾಯಿತು: ದೇಹದಲ್ಲಿ ಏನಾದರೂ ಉಳಿದುಬಿಡುತ್ತದೆಯೇ?

ನಿಧಾನಗತಿ

ನನಗೆ ಮೂವತ್ತೊಂದು ವರ್ಷ. ಹಾಲಿನ ಅಲರ್ಜಿ ಎಳವೆಯಿಂದಲೂ ಇದೆ. ಚಿಕ್ಕಂದಿನಲ್ಲಿ ಬಾಯಿಯ ಸುತ್ತ ದದ್ದೇಳುವುದು, ಒಮ್ಮೊಮ್ಮೆ ವಾಂತಿಯಾಗುವುದು, ಇಷ್ಟಕ್ಕೇ ಮುಗಿಯುತ್ತಿದ್ದುದರಿಂದ ಹಾಲು, ಮೊಸರು, ಬೆಣ್ಣೆ, ಚೀಸ್ ಬಿಟ್ಟು ಬದುಕುವುದು ಅಭ್ಯಾಸವಾಗಿಹೋಗಿತ್ತು. ಐದು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯ ಊಟದಲ್ಲಿ ತರಕಾರಿ ಸೂಪು ಕುಡಿದೆ. ಅದನ್ನು ಗಟ್ಟಿ ಮಾಡಲು ಹಾಲಿನ ಪುಡಿ ಬೆರೆಸಿದ್ದರೆಂಬುದು ಆಮೇಲೆ ತಿಳಿಯಿತು. ನಾಲ್ಕನೆಯ ಚಮಚಕ್ಕೆ ನಾಲಗೆಯ ತುದಿ ತುರಿಸಿತು. ಅಂಗೈ ಅಂಗಾಲು ಉರಿದವು. ಹತ್ತು ನಿಮಿಷ ಕಳೆಯುವುದರೊಳಗೆ ದನಿ ಒಡೆದು, ಉಸಿರೆಳೆದುಕೊಳ್ಳುವಾಗ ಸೀಟಿಯಂಥ ಸದ್ದು ಬರತೊಡಗಿತು. ಎದ್ದು ನಿಂತಾಗ ಕಣ್ಣು ಕತ್ತಲಿಟ್ಟು ಬಿದ್ದೆ. ಆಂಬುಲೆನ್ಸಿನಲ್ಲಿ ಒಂದು, ಆಸ್ಪತ್ರೆಯಲ್ಲಿ ಮತ್ತೊಂದು ಅಡ್ರಿನಾಲಿನ್ ಇಂಜೆಕ್ಷನ್ ಕೊಟ್ಟರು. ಒಂದು ರಾತ್ರಿ ಇರಿಸಿಕೊಂಡು ಮಾರನೆಯ ದಿನ ಮನೆಗೆ ಕಳುಹಿಸಿದರು.

ಬದುಕಿ ಬಂದೆನೆಂಬ ಸಮಾಧಾನ ಇದ್ದೇ ಇದೆ. ಆದರೆ ಆ ದಿನದಿಂದ ನಾನು ಮೊದಲಿನಂತಾಗಿಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ದಿನಕ್ಕೆ ಎರಡು ಮೂರು ಬಾರಿ ಬಿಗಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೈ ಸೋತುಹೋಗುತ್ತದೆ. ಮೂರನೆಯ ತಿಂಗಳಿನಿಂದ ಕೂದಲು ಹಿಡಿಹಿಡಿಯಾಗಿ ಉದುರುತ್ತಿದೆ. ತೂಕ ಆರು ಕಿಲೋ ಇಳಿದಿದೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಅಂದು ಮಿದುಳಿಗೋ ಹೃದಯಕ್ಕೋ ರೋಗನಿರೋಧಕ ವ್ಯವಸ್ಥೆಗೋ ಶಾಶ್ವತವಾದ ಪೆಟ್ಟೇನಾದರೂ ಬಿದ್ದಿರಬಹುದೇ ಎಂಬ ಪ್ರಶ್ನೆ ರಾತ್ರಿ ನಿದ್ದೆಗೆಡಿಸುತ್ತಿದೆ. ಇಂಥದ್ದನ್ನು ದಾಟಿ ಬಂದವರು, ಬಲ್ಲವರು ದಯವಿಟ್ಟು ಬರೆಯಿರಿ.

ಇಬ್ಬರ ಅಮ್ಮ

ನಿಮ್ಮ ಬರಹ ಓದಿ ಕೈ ನಡುಗಿತು. ನನ್ನ ಕಿರಿಯ ಮಗಳಿಗೆ ಎರಡು ವರ್ಷದ ಹಿಂದೆ ಹೀಗೆಯೇ ಆಗಿತ್ತು. ಈಗ ಅವಳಿಗೆ ಒಂಬತ್ತು. ದೇಹದ ವಿಷಯವನ್ನು ಬಲ್ಲವರು ಹೇಳಲಿ, ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಮೈಮೇಲಿನ ದದ್ದು ಮೂರನೆಯ ದಿನಕ್ಕೆ ಮಾಯವಾಗಿತ್ತು, ವಾರದೊಳಗೆ ಓಡಾಡುತ್ತಿದ್ದಳು. ಆದರೆ ಬೇರೆಯವರ ಮನೆಯಲ್ಲಿ ನೀರಿನ ಲೋಟವನ್ನೂ ಮೂಸಿ ನೋಡದೆ ಬಾಯಿಗಿಡದ ಅಭ್ಯಾಸ ಒಂದು ವರ್ಷ ಉಳಿಯಿತು. ಗೆಳತಿಯ ಹುಟ್ಟುಹಬ್ಬಕ್ಕೆ ಕರೆದೊಯ್ದರೆ ಕೇಕ್ ಕತ್ತರಿಸುವ ಹೊತ್ತಿಗೆ ಬಾಗಿಲ ಹೊರಗೆ ಹೋಗಿ, ಚೌಕಟ್ಟಿಗೆ ಬೆನ್ನು ಒತ್ತಿ ನಿಂತಿರುತ್ತಿದ್ದಳು. ಉಳಿಯುವುದು ಏನಾದರೂ ಇದ್ದರೆ ಇದೇ ಎಂದು ನನಗೆ ಆಗ ಅನಿಸಿತ್ತು.

ರಾತ್ರಿಪಾಳಿ

ನಾನು ಹದಿನಾಲ್ಕು ವರ್ಷಗಳಿಂದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಶುಶ್ರೂಷಕಿ. ನಿಮ್ಮನ್ನು ಪರೀಕ್ಷಿಸದೆ ರೋಗನಿರ್ಣಯ ಹೇಳುವುದು ತಪ್ಪು, ಆದ್ದರಿಂದ ಈ ಕಾಯಿಲೆ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ವಿವರಿಸುತ್ತೇನೆ. ಅದರಿಂದಲೇ ನಿಮ್ಮ ಅರ್ಧ ಆತಂಕ ಕರಗಬಹುದು.

ಹಾಲಿನ ಪ್ರೋಟೀನು ಒಳಗೆ ಹೋದಾಗ ನಿಮ್ಮ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೇಲೆ ಕುಳಿತಿರುವ ಐಜಿಇ ಎಂಬ ಪ್ರತಿಕಾಯಗಳು ಅದನ್ನು ಹಿಡಿಯುತ್ತವೆ; ಕೋಶಗಳು ಒಡನೆಯೇ ಹಿಸ್ಟಮಿನ್, ಟ್ರಿಪ್ಟೇಸ್ ಮೊದಲಾದ ರಾಸಾಯನಿಕಗಳನ್ನು ಸುರಿಯುತ್ತವೆ. ರಕ್ತನಾಳಗಳು ಹಿಗ್ಗಿ, ಅವುಗಳೊಳಗಿನ ದ್ರವ ಅಂಗಾಂಶಕ್ಕೆ ಸೋರಿ, ರಕ್ತದೊತ್ತಡ ಕುಸಿಯುತ್ತದೆ, ಶ್ವಾಸನಾಳ ಕಿರಿದಾಗುತ್ತದೆ. ಇದೇ ಅನಾಫಿಲ್ಯಾಕ್ಸಿಸ್. ನೋಡಲು ಎಷ್ಟು ಭೀಕರವೋ ಅಷ್ಟೇ ಪೂರ್ಣವಾಗಿ ಇಳಿದುಹೋಗುವ ಸ್ಥಿತಿಯೂ ಹೌದು. ಏರಿದ ಟ್ರಿಪ್ಟೇಸ್ ಸಾಮಾನ್ಯವಾಗಿ 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಕೆಲವರಲ್ಲಿ ಲಕ್ಷಣಗಳು ಒಮ್ಮೆ ತಣ್ಣಗಾಗಿ, ಹಾಲನ್ನು ಮತ್ತೆ ಮುಟ್ಟದೆಯೇ ಎರಡನೆಯ ಬಾರಿ ಏಳುವುದುಂಟು. ಅದು ಹೆಚ್ಚೆಂದರೆ 72 ಗಂಟೆಯೊಳಗಿನ ಮಾತು. ನಿಮ್ಮನ್ನು ಒಂದು ರಾತ್ರಿ ಇರಿಸಿಕೊಂಡದ್ದು ಆ ಕಾರಣಕ್ಕೆ. ಐದನೆಯ ತಿಂಗಳಲ್ಲಿ ಅದೇ ಆಘಾತ ಒಳಗೆ ಇನ್ನೂ ಹೊಗೆಯಾಡುತ್ತಿದೆ ಎನ್ನಲು ಆಧಾರವಿಲ್ಲ.

ಶಾಶ್ವತ ಹಾನಿ ಆಗುವುದೇ ಇಲ್ಲವೇ ಎಂದರೆ, ಆಗುವುದುಂಟು. ರಕ್ತ ಸಂಚಾರ ಅಥವಾ ಉಸಿರಾಟ ಹಲವಾರು ನಿಮಿಷ ನಿಂತುಹೋಗಿ ಮಿದುಳಿಗೆ ಆಮ್ಲಜನಕ ತಲುಪದಿದ್ದಾಗ ಮಿದುಳಿಗೆ ಪೆಟ್ಟಾಗುತ್ತದೆ. ಆದರೆ ಅಂಥವರು ಮಾರನೆಯ ದಿನ ನಡೆದುಕೊಂಡು ಮನೆಗೆ ಹೋಗುವುದಿಲ್ಲ. ಹೃದಯದ ರಕ್ತನಾಳಗಳು ಅಲರ್ಜಿಯ ರಾಸಾಯನಿಕಗಳಿಂದಲೇ ಸೆಟೆದುಕೊಂಡು ಎದೆನೋವು ತರುವ ಸ್ಥಿತಿಯೊಂದಿದೆ. ಗ್ರೀಸಿನ ವೈದ್ಯ ಕೂನಿಸ್ 1991ರಲ್ಲಿ ವರ್ಣಿಸಿದ್ದರಿಂದ ಅದಕ್ಕೆ ಅವರ ಹೆಸರೇ ಬಂದಿದೆ. ಅಂದು ನಿಮಗೆ ಎದೆನೋವಿತ್ತೇ, ಇಸಿಜಿ ತೆಗೆದಿದ್ದರೇ? ಬಿಡುಗಡೆಯ ಚೀಟಿಯಲ್ಲಿ ಇದ್ದರೆ ನೋಡಿಕೊಳ್ಳಿ.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು. ನೀವು ಎದ್ದು ನಿಂತಾಗ ಬಿದ್ದಿರಿ. ಅನಾಫಿಲ್ಯಾಕ್ಸಿಸ್ ಆಗುತ್ತಿರುವವರನ್ನು ನಿಲ್ಲಿಸಬಾರದು, ನಡೆಸಬಾರದು. ಹಿಗ್ಗಿದ ರಕ್ತನಾಳಗಳಿಂದ ರಕ್ತವೆಲ್ಲ ಕಾಲಿಗಿಳಿದು ಹೃದಯ ಬರಿದಾಗುತ್ತದೆ. ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು. ಉಸಿರು ಕಟ್ಟುತ್ತಿದ್ದರೆ ಕಾಲು ಚಾಚಿ ಕೂರಿಸಬಹುದು. ನಿಮ್ಮ ಜೊತೆ ಊಟಕ್ಕೆ ಕೂರುವವರೆಲ್ಲರಿಗೂ ಇದು ಗೊತ್ತಿರಲಿ.

ನಲವತ್ತು ವರ್ಷ

ಹಾಲಿನ ಅಲರ್ಜಿಯೊಂದಿಗೆ ನಾನು ನಲವತ್ತು ವರ್ಷ ಕಳೆದಿದ್ದೇನೆ, ಮೂರು ಬಾರಿ ನಿಮ್ಮಂತೆಯೇ ಬಿದ್ದು ಎದ್ದಿದ್ದೇನೆ. ರಾತ್ರಿಪಾಳಿಯವರು ಹೇಳಿದ್ದು ನನ್ನ ಅನುಭವಕ್ಕೂ ಹೊಂದುತ್ತದೆ: ಮೂರು ಬಾರಿಯೂ ಮೈ ಹತ್ತು ದಿನದೊಳಗೆ ಸರಿಯಾಯಿತು. ಆದರೆ ಎರಡನೆಯ ಬಾರಿಯ ನಂತರ ಗಂಟಲು ಬಿಗಿಯುವುದು ಎಂಟು ತಿಂಗಳು ಕಾಡಿತು. ಬಿಗಿತ ಬಂದ ಹೊತ್ತು, ಅದಕ್ಕೆ ಮುಂಚೆ ತಿಂದದ್ದು, ಎಲ್ಲಿದ್ದೆ, ಯಾರೊಂದಿಗಿದ್ದೆ ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಆಗಿನ ವೈದ್ಯರು ಹೇಳಿದರು. ಆರು ವಾರದ ಪುಟಗಳನ್ನು ಮುಂದಿಟ್ಟುಕೊಂಡು ಕೂತಾಗ ಕಂಡದ್ದು ಇಷ್ಟು: ಬಿಗಿತಕ್ಕೂ ಊಟಕ್ಕೂ ಸಂಬಂಧವೇ ಇರಲಿಲ್ಲ. ಬೇರೆಯವರು ಅಡುಗೆ ಮಾಡುತ್ತಿರುವ ಕೋಣೆಗೆ ಕಾಲಿಟ್ಟಾಗ, ಆಂಬುಲೆನ್ಸಿನ ಸದ್ದು ಕೇಳಿದಾಗ, ಒಬ್ಬನೇ ಪ್ರಯಾಣ ಮಾಡುವಾಗ ಬರುತ್ತಿತ್ತು. ಅದು ಭಯ. ಭಯವೆಂದರೆ ಸುಳ್ಳು ಕಾಯಿಲೆ ಎಂದರ್ಥವಲ್ಲ. ಗಂಟಲಿನ ಸ್ನಾಯುಗಳು ನಿಜವಾಗಿಯೇ ಬಿಗಿಯುತ್ತಿದ್ದವು.

ಬಿಸಿಲುಮಚ್ಚು

ಎಲ್ಲರೂ ಭಯ ಎನ್ನುತ್ತಿದ್ದೀರಿ, ಆದರೆ ಇಷ್ಟು ದೊಡ್ಡ ಆಘಾತದ ನಂತರ ರೋಗನಿರೋಧಕ ಶಕ್ತಿಯೇ ಕೆಟ್ಟಿರಬಹುದಲ್ಲವೇ? ನನ್ನ ಪರಿಚಿತರೊಬ್ಬರು ರಕ್ತದಲ್ಲಿ ನೂರಾರು ಆಹಾರಗಳಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಮಾಡಿಸಿದರು. ಮೂವತ್ತು ಪದಾರ್ಥಗಳು ಆಗುವುದಿಲ್ಲವೆಂದು ಬಂತು, ಎಲ್ಲವನ್ನೂ ಬಿಟ್ಟರು. ನೀವೂ ಅದನ್ನು ಮಾಡಿಸಿ ಕೆಲವು ತಿಂಗಳು ಕಟ್ಟುನಿಟ್ಟಾದ ಪಥ್ಯ ಮಾಡಬಾರದೇಕೆ?

ಸೂಕ್ಷ್ಮದರ್ಶಕ

ಬಿಸಿಲುಮಚ್ಚು ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಸಲಹೆಯನ್ನು ಯಾರೂ ಪಾಲಿಸಬಾರದೆಂದು ಕೇಳಿಕೊಳ್ಳುತ್ತೇನೆ. ಒಂದು ಆಹಾರಕ್ಕೆ ಐಜಿಜಿ ಇದೆಯೆಂದರೆ ಆ ಆಹಾರವನ್ನು ನೀವು ತಿಂದಿದ್ದೀರಿ, ದೇಹ ಅದನ್ನು ಗುರುತಿಸುತ್ತದೆ ಎಂದರ್ಥ; ಅಲರ್ಜಿಯೆಂದಲ್ಲ. ಆಗಲೇ ಆರು ಕಿಲೋ ಇಳಿದಿರುವವರು ಇನ್ನೂ ಮೂವತ್ತು ಪದಾರ್ಥ ಬಿಟ್ಟರೆ ಏನಾಗುತ್ತದೆಂದು ಯೋಚಿಸಿ.

ರೋಗನಿರೋಧಕ ಶಕ್ತಿ ಕೆಟ್ಟಿದೆ ಎಂಬ ಮಾತೂ ಸರಿಯಲ್ಲ. 1902ರಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ಫ್ರೆಂಚ್ ವಿಜ್ಞಾನಿಗಳು ಕಡಲ ಹೂವೆಂದು ಕರೆಯುವ ಜೀವಿಯ ವಿಷವನ್ನು ನಾಯಿಗಳಿಗೆ ಚುಚ್ಚಿ, ವಾರಗಳು ಕಳೆದ ಮೇಲೆ ಮತ್ತೊಮ್ಮೆ ತೀರ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ, ಸಹಿಸಿಕೊಳ್ಳಬೇಕಿದ್ದ ನಾಯಿಗಳು ನಿಮಿಷಗಳಲ್ಲಿ ಸತ್ತವು. ಅನಾಫಿಲ್ಯಾಕ್ಸಿಸ್ ಎಂಬ ಹೆಸರು ಹುಟ್ಟಿದ್ದು ಅಲ್ಲಿ; ರಿಶೆ ಅವರಿಗೆ 1913ರಲ್ಲಿ ನೊಬೆಲ್ ಬಂತು. ಅವರು ಕಂಡದ್ದು ದುರ್ಬಲವಾದ ರಕ್ಷಣೆಯನ್ನಲ್ಲ, ಗುರಿ ತಪ್ಪಿದ ಬಲವಾದ ನೆನಪನ್ನು. ನಿಮ್ಮ ದೇಹಕ್ಕೆ ಹಾಲಿನ ಪ್ರೋಟೀನಿನ ನೆನಪು ಅತಿಯಾಗಿ ಇದೆ, ಅಷ್ಟೇ. ಅದಕ್ಕಾಗಿ ನೆಗಡಿ, ಜ್ವರ, ಸೋಂಕುಗಳ ವಿರುದ್ಧ ಅದು ಸೋಲುವುದಿಲ್ಲ.

ಈಗ ದೀರ್ಘಕಾಲ ಉಳಿಯುವ ಸಂಗತಿಗೆ ಬರುತ್ತೇನೆ, ಏಕೆಂದರೆ ಅದು ಅಲರ್ಜಿಯೇ. ಮಕ್ಕಳಲ್ಲಿ ಹಾಲಿನ ಅಲರ್ಜಿ ಬೆಳೆಯುತ್ತ ಬಿಟ್ಟುಹೋಗುವುದು ಸಾಮಾನ್ಯ. ಅಮೆರಿಕದ ಒಂದು ತಜ್ಞ ಚಿಕಿತ್ಸಾಲಯಕ್ಕೆ ಬಂದ ಮಕ್ಕಳನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕನೆಯ ವಯಸ್ಸಿಗೆ ಶೇಕಡಾ 19, ಎಂಟಕ್ಕೆ 42, ಹದಿನಾರಕ್ಕೆ 79ರಷ್ಟು ಮಕ್ಕಳು ಅದನ್ನು ದಾಟಿದ್ದರು. ಮೂವತ್ತು ದಾಟಿದ ಮೇಲೂ ಉಳಿದಿರುವ ಅಲರ್ಜಿ ತಾನಾಗಿ ಹೋಗುವ ಸಾಧ್ಯತೆ ಕಡಿಮೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇಕಡಾ 80 ಭಾಗ ಕೇಸಿನ್, ಉಳಿದದ್ದು ಹಾಲೊಡಕಿನ ಪ್ರೋಟೀನುಗಳು. ಕೇಸಿನ್ ಕುದಿಸಿದರೂ ಹೆಚ್ಚು ಬದಲಾಗುವುದಿಲ್ಲ, ಹೀಗಾಗಿ ಅದರ ಮೇಲೆ ಹೆಚ್ಚಿನ ಐಜಿಇ ಇರುವವರಲ್ಲಿ ಅಲರ್ಜಿ ಬಹುಕಾಲ ಉಳಿಯುವುದು ಹೆಚ್ಚು. ಮೇಕೆ ಮತ್ತು ಕುರಿಯ ಹಾಲಿನ ಪ್ರೋಟೀನುಗಳು ಹಸುವಿನದನ್ನು ಎಷ್ಟು ಹೋಲುತ್ತವೆಂದರೆ, ಹತ್ತರಲ್ಲಿ ಒಂಬತ್ತು ಮಂದಿಗೆ ಅವೂ ಆಗುವುದಿಲ್ಲ.

ಇನ್ನೊಂದು ಮಾತು. ಒಮ್ಮೆ ತೀವ್ರವಾಗಿ ಬಂದದ್ದರಿಂದ ಮುಂದಿನದು ಇನ್ನೂ ತೀವ್ರವಾಗಿರುತ್ತದೆಂದು ಲೆಕ್ಕ ಹಾಕಲಾಗುವುದಿಲ್ಲ, ಚಿಕ್ಕದಾಗಿರುತ್ತದೆಂದೂ ಹೇಳಲಾಗುವುದಿಲ್ಲ. ನಿಮ್ಮ ಕತೆಯೇ ಇದಕ್ಕೆ ಸಾಕ್ಷಿ, ಮೂವತ್ತು ವರ್ಷ ಬರೀ ದದ್ದಿನಲ್ಲಿ ಮುಗಿಯುತ್ತಿದ್ದದ್ದು ಒಂದು ದಿನ ನೆಲಕ್ಕೆ ಕೆಡವಿತು. ಹತೋಟಿಗೆ ಬಾರದ ಉಬ್ಬಸ, ಅಂದಿನ ಜ್ವರ, ನಿದ್ದೆಗೇಡು, ಮದ್ಯ, ಕೆಲವು ನೋವು ನಿವಾರಕ ಮಾತ್ರೆಗಳು, ಊಟದ ಹಿಂದೆಯೇ ಮಾಡಿದ ಬಿರುಸಿನ ವ್ಯಾಯಾಮ, ಇವೆಲ್ಲ ಅದೇ ಪ್ರಮಾಣದ ಹಾಲನ್ನು ಹೆಚ್ಚು ಅಪಾಯಕಾರಿಯಾಗಿಸಬಲ್ಲವು. ಆ ದಿನ ಇವುಗಳಲ್ಲಿ ಯಾವುದಾದರೂ ಇತ್ತೇ?

ನಿಧಾನಗತಿ

ಎಲ್ಲರಿಗೂ ಋಣಿ. ಎದೆನೋವು ಇರಲಿಲ್ಲ, ಇಸಿಜಿ ಸರಿಯಿತ್ತೆಂದು ಚೀಟಿಯಲ್ಲಿದೆ. ಆ ವಾರ ನನಗೆ ನೆಗಡಿ ಜ್ವರವಿತ್ತು, ಬೆಳಿಗ್ಗೆ ಮೈಕೈ ನೋವಿಗೆ ಮಾತ್ರೆ ನುಂಗಿದ್ದೆ. ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಜೋಡಿಸಿ ನೋಡಿರಲಿಲ್ಲ.

ನಿಜ ಹೇಳಬೇಕೆಂದರೆ ಈಗ ನಾನು ತಿನ್ನುವುದು ಏಳೆಂಟು ಪದಾರ್ಥ ಮಾತ್ರ. ಅನ್ನ, ಬೇಯಿಸಿದ ತರಕಾರಿ, ಎರಡು ಹಣ್ಣು, ಹೀಗೆ. ಪೊಟ್ಟಣದಲ್ಲಿ ಬರುವುದೆಲ್ಲ ಬಿಟ್ಟಿದ್ದೇನೆ. ಕಾಳುಗಳನ್ನೂ ಬಿಟ್ಟಿದ್ದೇನೆ, ಏಕೆಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಪಥ್ಯಪಾಲಕಿ

ನಾನು ಆಹಾರತಜ್ಞೆ. ಈ ಕೊನೆಯ ಮಾತಿಗಾಗಿ ಕಾಯುತ್ತಿದ್ದೆ.

ನಿಮ್ಮ ಆಯಾಸಕ್ಕೂ ಕೂದಲಿಗೂ ಹಾಲಿನ ಆಘಾತಕ್ಕಿಂತ ಅದರ ನಂತರದ ಊಟವೇ ಹೆಚ್ಚು ಕಾರಣವಿರಬಹುದು. ದೇಹಕ್ಕೆ ದೊಡ್ಡ ಪೆಟ್ಟು ಬಿದ್ದಾಗ, ಅಥವಾ ತೂಕ ಬೇಗ ಇಳಿದಾಗ, ಬಹಳಷ್ಟು ಕೂದಲು ಒಟ್ಟಿಗೆ ವಿಶ್ರಾಂತಿಯ ಹಂತಕ್ಕೆ ಹೋಗಿ ಎರಡು ಮೂರು ತಿಂಗಳ ಬಳಿಕ ಉದುರುತ್ತವೆ. ಮೂರನೆಯ ತಿಂಗಳಿನಿಂದ ಎಂದು ನೀವು ಬರೆದದ್ದು ಇದಕ್ಕೆ ಹೊಂದುತ್ತದೆ. ಬೇರು ಸತ್ತಿರುವುದಿಲ್ಲ, ಕಾರಣ ತೊಲಗಿದರೆ ಮತ್ತೆ ಬೆಳೆಯುತ್ತವೆ. ಆದರೆ ಕಬ್ಬಿಣದ ಅಂಶ, ಥೈರಾಯ್ಡ್, ಬಿ12, ವಿಟಮಿನ್ ಡಿ ಇವುಗಳ ರಕ್ತಪರೀಕ್ಷೆ ಮಾಡಿಸಿ. ಅಂದಾಜಿನ ಮೇಲೆ ಮಾತ್ರೆ ನುಂಗಬೇಡಿ.

ಹಾಲಿಲ್ಲದ ಬದುಕಿನ ದೀರ್ಘಕಾಲದ ಪರಿಣಾಮವೆಂದು ನಾನು ಒಂದನ್ನೇ ಹೆಸರಿಸಬೇಕಾದರೆ ಮೂಳೆ ಎನ್ನುತ್ತೇನೆ. ಇಸ್ರೇಲಿನಲ್ಲಿ ಎಳೆಯ ವಯಸ್ಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾಲಿನ ಅಲರ್ಜಿ ಉಳಿದುಕೊಂಡವರ ಮೂಳೆಯ ಸಾಂದ್ರತೆ ಅಲರ್ಜಿಯಿಲ್ಲದವರಿಗಿಂತ ಕಡಿಮೆಯಿತ್ತು. ಮೂಳೆ ಗಟ್ಟಿಯಾಗುವ ವಯಸ್ಸು ಇಪ್ಪತ್ತರ ಕೊನೆಗೆ ಬಹುಮಟ್ಟಿಗೆ ಮುಗಿಯುವುದರಿಂದ, ಬಾಲ್ಯದಿಂದ ಹಾಲು ಬಿಟ್ಟವರು ಈ ಕಡೆ ಗಮನ ಕೊಡಲೇಬೇಕು. 250 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ನಿಮ್ಮ ವಯಸ್ಸಿನವರಿಗೆ ದಿನಕ್ಕೆ 700ರಿಂದ 1000 ಮಿಲಿಗ್ರಾಂ ಬೇಕೆಂದು ಬೇರೆ ಬೇರೆ ದೇಶಗಳ ಶಿಫಾರಸುಗಳು ಹೇಳುತ್ತವೆ. ಎಳ್ಳು, ಸೊಪ್ಪುಗಳು, ಮೂಳೆಸಹಿತ ತಿನ್ನುವ ಸಣ್ಣ ಮೀನು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಪಾನೀಯ ಇವುಗಳಿಂದ ಅದನ್ನು ತುಂಬಿಸಬಹುದು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ದೇಹಕ್ಕೆ ಸಿಗುವುದು ಅಲ್ಪ. ಸೋಯಾ ಪಾನೀಯದ ಪೊಟ್ಟಣವನ್ನು ಚೆನ್ನಾಗಿ ಕುಲುಕದೆ ಬಗ್ಗಿಸಿದರೆ ಸೇರಿಸಿದ ಕ್ಯಾಲ್ಸಿಯಂ ತಳದಲ್ಲೇ ಕೂರುತ್ತದೆ. ಕೊನೆಯ ಲೋಟದಲ್ಲಿ ಬಿಳಿ ಮಡ್ಡಿ ಕಂಡರೆ ಅದೇ ಎಂದು ತಿಳಿಯಿರಿ. ಮಾತ್ರೆಯ ರೂಪದಲ್ಲಾದರೆ ಒಮ್ಮೆಗೆ 500 ಮಿಲಿಗ್ರಾಂಗಿಂತ ಹೆಚ್ಚು ತೆಗೆದುಕೊಳ್ಳುವುದರಿಂದ ಲಾಭವಿಲ್ಲ.

ಕಾಳುಗಳನ್ನು ನಾಳೆಯಿಂದಲೇ ಮರಳಿ ತನ್ನಿ. ಅವು ನಿಮಗೆ ಯಾವತ್ತೂ ತೊಂದರೆ ಮಾಡಿಲ್ಲ. ಮನೆಯಲ್ಲಿ, ನೀವೇ ಕೊಂಡು ತಂದು, ನೀವೇ ಬೇಯಿಸಿ, ವಾರಕ್ಕೊಂದು ಹಳೆಯ ಪದಾರ್ಥವನ್ನು ಸೇರಿಸುತ್ತ ಹೋಗಿ.

ಜೊತೆಗಾರ

ನನ್ನ ಹೆಂಡತಿಗೆ ಹಾಲಿನ ಅಲರ್ಜಿ. ಎಚ್ಚರಿಕೆಯ ಒಂದು ಸಂಗತಿಯನ್ನು ಇಲ್ಲಿ ದಾಖಲಿಸಬೇಕೆನಿಸಿತು, ಏಕೆಂದರೆ ಅದನ್ನು ನಾವು ಕಷ್ಟಪಟ್ಟು ಕಲಿತೆವು. ಹಾಲು ಔಷಧಿಯಲ್ಲೂ ಇರಬಹುದು. ಪುಡಿಯ ರೂಪದ ಕೆಲವು ಇನ್‌ಹೇಲರುಗಳಲ್ಲಿ ಬಳಸುವ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯಲ್ಲಿ ಹಾಲಿನ ಪ್ರೋಟೀನಿನ ಸೂಕ್ಷ್ಮ ಅಂಶ ಉಳಿದಿರುತ್ತದೆ. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ನಿನ ಒಂದು ಬಗೆಯಲ್ಲೂ ಹಸುವಿನ ಹಾಲಿನಿಂದ ತೆಗೆದ ಲ್ಯಾಕ್ಟೋಸ್ ಇರುತ್ತದೆ. ಹಾಲಿನ ಅಲರ್ಜಿ ಇರುವವರಿಗೆ ಅದನ್ನು ಕೊಡಬಾರದೆಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಹೇಳಿತು. ಅಲರ್ಜಿಗೆಂದು ಕೊಟ್ಟ ಸ್ಟೀರಾಯ್ಡಿನಿಂದಲೇ ಅಲರ್ಜಿ ಮುಂದುವರಿಯಬಹುದೆಂದರೆ ಎಷ್ಟು ಗಂಭೀರವಾದ ಮಾತೆಂದು ನೋಡಿ. ಹಲ್ಲಿನ ಎನಾಮೆಲ್ ಗಟ್ಟಿ ಮಾಡಲು ಹಚ್ಚುವ ಕೆಲವು ಪೇಸ್ಟುಗಳಲ್ಲಿ ಕೇಸಿನ್ನಿಂದ ತಯಾರಿಸಿದ ಅಂಶವಿದೆ. ಅವಳಿಗೆ ತುಟಿ ಊದಿದ್ದು ದಂತವೈದ್ಯರ ಕುರ್ಚಿಯಲ್ಲಿ ಕುಳಿತಿದ್ದಾಗ. ಯಾವ ವೈದ್ಯರ ಬಳಿ ಹೋದರೂ ‘ಹಾಲಿನ ಅಲರ್ಜಿ, ಒಮ್ಮೆ ಅನಾಫಿಲ್ಯಾಕ್ಸಿಸ್ ಆಗಿದೆ’ ಎಂಬ ಎರಡು ಮಾತನ್ನು ಮೊದಲು ಹೇಳಿಬಿಡಿ. ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆಯೆಂದು ತಪ್ಪು ತಿಳಿಯುವವರು ವೈದ್ಯಕೀಯ ರಂಗದಲ್ಲೂ ಇದ್ದಾರೆ. ಅದು ಹೊಟ್ಟೆಯ ಉಬ್ಬರ, ಇದು ಪ್ರಾಣದ ಪ್ರಶ್ನೆ.

ರಾತ್ರಿಪಾಳಿ

ಜೊತೆಗಾರ ಅವರು ಹೇಳಿದ್ದನ್ನು ನಮ್ಮ ವಿಭಾಗದಲ್ಲೂ ಅಂಟಿಸಬೇಕು ಅನಿಸುತ್ತದೆ. ಹಾಲಿನ ಅಲರ್ಜಿಯನ್ನು ಹಗುರವಾಗಿ ಕಾಣುವುದು ಎಷ್ಟು ತಪ್ಪೆಂಬುದಕ್ಕೆ ಬ್ರಿಟನ್ನಿನ ಅಂಕಿಯೊಂದಿದೆ: 1998ರಿಂದ 2018ರವರೆಗೆ ಅಲ್ಲಿ ಆಹಾರದ ಅನಾಫಿಲ್ಯಾಕ್ಸಿಸ್‌ನಿಂದ ಸತ್ತ ಶಾಲಾ ವಯಸ್ಸಿನ 66 ಮಕ್ಕಳಲ್ಲಿ 17 ಮಂದಿಯ ಸಾವಿಗೆ ಹಸುವಿನ ಹಾಲೇ ಕಾರಣ. ಇದನ್ನು ಹೆದರಿಸಲು ಬರೆಯುತ್ತಿಲ್ಲ. ಅದೇ ಇಪ್ಪತ್ತು ವರ್ಷಗಳಲ್ಲಿ ಆಹಾರದ ಅನಾಫಿಲ್ಯಾಕ್ಸಿಸ್ ಆಗಿ ಆಸ್ಪತ್ರೆ ಸೇರಿದವರ ಸಂಖ್ಯೆ ಬಹಳ ಏರಿದರೂ, ಅವರಲ್ಲಿ ಸಾಯುವವರ ಪ್ರಮಾಣ ಇಳಿಯುತ್ತ ಬಂದಿದೆ.

ಗಂಟಲಿನ ಬಿಗಿತದ ಬಗ್ಗೆ ಒಂದು ಬೇರೆ ದಾರಿಯನ್ನೂ ನೋಡಿಬಿಡಬೇಕು. ನುಂಗಿದ ತುತ್ತು ಎದೆಯ ಬಳಿ ನಿಂತಂತಾಗಿ, ನೀರು ಕುಡಿದು ಇಳಿಸಬೇಕಾಗುತ್ತದೆಯೇ? ಹಾಗಿದ್ದರೆ ಅನ್ನನಾಳದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕೋಶಗಳು ಸೇರಿಕೊಂಡು ಬರುವ ಉರಿಯೂತವಿದೆಯೇ ಎಂದು ಎಂಡೋಸ್ಕೋಪಿಯಲ್ಲಿ ನೋಡಬೇಕು. ಅದಕ್ಕೆ ಬಹು ಸಾಮಾನ್ಯವಾದ ಕಾರಣವೂ ಹಾಲೇ. ತುತ್ತು ಸಲೀಸಾಗಿ ಇಳಿದು, ಬಿಗಿತ ಖಾಲಿ ಹೊಟ್ಟೆಯಲ್ಲೂ ಬರುವುದಾದರೆ, ನಲವತ್ತು ವರ್ಷ ಅವರ ನೋಟ್‌ಬುಕ್ಕನ್ನು ನೀವೂ ಇಡಿ.

ಬಿಗಿತ ಬಂದ ಕ್ಷಣದಲ್ಲಿ ಭಯವೋ ಅಲರ್ಜಿಯೋ ಎಂದು ಹೇಗೆ ತಿಳಿಯುವುದು ಎಂಬ ಪ್ರಶ್ನೆ ನಿಮಗೆ ಇದ್ದೇ ಇರುತ್ತದೆ. ಕನ್ನಡಿ ನೋಡಿ: ದದ್ದು, ತುಟಿ ಕಣ್ಣಿನ ಊತ ಇದೆಯೇ? ದನಿ ಬದಲಾಗಿದೆಯೇ, ಉಸಿರಲ್ಲಿ ಸೀಟಿ ಇದೆಯೇ, ವಾಂತಿ, ತಲೆ ತಿರುಗಿ ಬೀಳುವಂತಾಗುವುದು ಇದೆಯೇ? ಕಳೆದ ಒಂದೆರಡು ಗಂಟೆಯಲ್ಲಿ ಏನಾದರೂ ತಿಂದಿದ್ದೀರಾ? ಹಾಲು ತಗುಲಿರುವ ಸಾಧ್ಯತೆ ಇದ್ದು, ಉಸಿರಾಟದಲ್ಲೋ ರಕ್ತ ಸಂಚಾರದಲ್ಲೋ ವ್ಯತ್ಯಾಸ ಕಂಡರೆ ಚರ್ಮ ತಿಳಿಯಾಗಿದ್ದರೂ ತಡಮಾಡದೆ ತೊಡೆಯ ಹೊರಭಾಗದ ನಡುವಿಗೆ ಅಡ್ರಿನಾಲಿನ್ ಪೆನ್ (ತಾವೇ ಚುಚ್ಚಿಕೊಳ್ಳಬಹುದಾದ ಸಿದ್ಧ ಇಂಜೆಕ್ಷನ್) ಚುಚ್ಚಿ, ಮಲಗಿ, ಆಂಬುಲೆನ್ಸ್ ಕರೆಯಿರಿ; ಇಳಿಯದಿದ್ದರೆ 5ರಿಂದ 15 ನಿಮಿಷದಲ್ಲಿ ಎರಡನೆಯದು. ಅಲರ್ಜಿ ಮಾತ್ರೆ ತುರಿಕೆಯನ್ನು ತಗ್ಗಿಸುತ್ತದೆಯೇ ಹೊರತು ಕುಸಿದ ರಕ್ತದೊತ್ತಡವನ್ನು ಎತ್ತುವುದಿಲ್ಲ. ಸಂದೇಹ ಬಂದಾಗ ಚುಚ್ಚಿಕೊಂಡದ್ದಕ್ಕಿಂತ, ಚುಚ್ಚಿಕೊಳ್ಳದೆ ಕಾದದ್ದರಿಂದ ಆದ ಅನಾಹುತಗಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಇಬ್ಬರ ಅಮ್ಮ

ಮಗಳಿಗೆ ನೆರವಾದದ್ದನ್ನೂ ಹೇಳುತ್ತೇನೆ. ಅಲರ್ಜಿ ಚಿಕಿತ್ಸಾಲಯದಲ್ಲಿ ಒಬ್ಬ ಮನಃಶಾಸ್ತ್ರಜ್ಞೆ ಅವಳನ್ನು ಹಂತಹಂತವಾಗಿ ಹಾಲಿಗೆ ಹತ್ತಿರ ತಂದರು. ಮೊದಲ ದಿನ ಮುಚ್ಚಿದ ಲೋಟ ಕೋಣೆಯ ಇನ್ನೊಂದು ತುದಿಯಲ್ಲಿತ್ತು. ನಾಲ್ಕನೆಯ ಭೇಟಿಯಲ್ಲಿ ಲೋಟ ಮೇಜಿನ ಮೇಲೆ, ಅವಳ ಎದುರಿಗೆ. ಆರನೆಯ ಭೇಟಿಯಲ್ಲಿ ವೈದ್ಯರು ಪಕ್ಕದಲ್ಲಿ ನಿಂತಿರುವಾಗ ಅವಳ ಮುಂಗೈ ಮೇಲೆ ಒಂದು ಹನಿ ಇಟ್ಟರು. ಅಲ್ಲಿ ಒಂದು ಕೆಂಪು ಬೊಬ್ಬೆ ಎದ್ದಿತು, ತುರಿಸಿತು, ಸೋಪು ನೀರಿನಲ್ಲಿ ತೊಳೆದ ಮೇಲೆ ಅರ್ಧ ಗಂಟೆಯಲ್ಲಿ ಇಳಿಯಿತು. ಆ ಅರ್ಧ ಗಂಟೆ ಅವಳು ಕಣ್ಣು ಮಿಟುಕಿಸದೆ ಆ ಬೊಬ್ಬೆಯನ್ನೇ ನೋಡುತ್ತ ಕೂತಿದ್ದಳು. ‘ಅಷ್ಟೇನಾ ಅಮ್ಮಾ?’ ಎಂದು ಕೇಳಿದಳು. ಮುಟ್ಟಿದರೆ ಬೊಬ್ಬೆ, ನುಂಗಿದರೆ ಅಪಾಯ, ಪಕ್ಕದಲ್ಲಿದ್ದರೆ ಏನೂ ಇಲ್ಲ ಎಂಬುದು ಅವಳ ಮೈಗೇ ಗೊತ್ತಾಯಿತು. ಇದನ್ನು ಯಾರೂ ಮನೆಯಲ್ಲಿ ತಾವೇ ಮಾಡಬಾರದು. ಉಬ್ಬಸ ಇರುವವರಿಗೆ ಕುದಿಯುವ ಹಾಲಿನ ಆವಿಯಿಂದಲೂ ತೊಂದರೆಯಾಗಬಹುದೆಂದು ನಮಗೆ ಅಲ್ಲೇ ಹೇಳಿದರು.

ಸೂಕ್ಷ್ಮದರ್ಶಕ

ನಿಧಾನಗತಿ ಅವರು ಅಲರ್ಜಿ ತಜ್ಞರನ್ನು ಕಂಡಾಗ ಕೇಳಬೇಕಾದದ್ದು ಎರಡು. ಮೊದಲನೆಯದು ಆರೋಗ್ಯವಾಗಿರುವಾಗಿನ ಟ್ರಿಪ್ಟೇಸ್ ಪ್ರಮಾಣ. ಅದು ಸದಾ ಏರಿಯೇ ಇದ್ದರೆ ಮಾಸ್ಟ್ ಕೋಶಗಳದೇ ಬೇರೆ ತೊಂದರೆಯಿದೆಯೇ ಎಂದು ಹುಡುಕುತ್ತಾರೆ. ಎರಡನೆಯದು ಚಿಕಿತ್ಸೆಯ ದಾರಿ. ಬಹಳ ಹೊತ್ತು ಬೇಯಿಸಿದ ಹಾಲನ್ನು ಹಾಲಿನ ಅಲರ್ಜಿಯ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಸಹಿಸಿಕೊಳ್ಳುತ್ತಾರೆಂದು 2008ರ ಅಧ್ಯಯನವೊಂದು ತೋರಿಸಿತು, ಆದರೆ ಅನಾಫಿಲ್ಯಾಕ್ಸಿಸ್ ಆದವರಲ್ಲಿ ಆ ಪರೀಕ್ಷೆ ಆಸ್ಪತ್ರೆಯ ಹೊರಗೆ ನಡೆಯಲೇಬಾರದು. ಹನಿಹನಿಯಾಗಿ ಹಾಲು ಕೊಟ್ಟು ಸಹನೆ ಬೆಳೆಸುವ ಚಿಕಿತ್ಸೆ ಇದೆ. ಅದರಿಂದ ಆಕಸ್ಮಿಕವಾಗಿ ತಗುಲುವ ಪ್ರಮಾಣದಿಂದ ರಕ್ಷಣೆ ಸಿಗುತ್ತದೆ, ಆದರೆ ದಿನವೂ ಬಿಡದೆ ಮುಂದುವರಿಸಬೇಕು, ನಡುವೆ ಅಲರ್ಜಿ ಕಾಣಿಸಿಕೊಳ್ಳುವುದೂ ಉಂಟು. ಐಜಿಇಯನ್ನೇ ಕಟ್ಟಿಹಾಕುವ ಓಮಲಿಜುಮ್ಯಾಬ್ ಎಂಬ ಇಂಜೆಕ್ಷನ್ನಿಗೆ 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಆಹಾರದ ಅಲರ್ಜಿಗೆ ಅನುಮತಿ ದೊರೆಯಿತು. ಅದೂ ಗುಣಪಡಿಸುವುದಿಲ್ಲ, ಅಪಾಯದ ಮಿತಿಯನ್ನು ಮೇಲಕ್ಕೆ ತಳ್ಳುತ್ತದೆ. ಹಾಲು ಬಿಡುವುದನ್ನು ಬಿಡುವಂತಿಲ್ಲ.

ನಿಧಾನಗತಿ

ಹತ್ತು ವಾರಗಳ ನಂತರ ಬರೆಯುತ್ತಿದ್ದೇನೆ. ಇಲ್ಲಿ ಸಮಯ ಕೊಟ್ಟವರಿಗೆ ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಟ್ರಿಪ್ಟೇಸ್ ಸಹಜವಾಗಿದೆ. ಕೇಸಿನ್ನಿನ ಐಜಿಇ ಬಹಳ ಹೆಚ್ಚಿದೆ, ಆದ್ದರಿಂದ ಬೇಯಿಸಿದ ಹಾಲಿನ ಪರೀಕ್ಷೆ ಸದ್ಯಕ್ಕೆ ಬೇಡವೆಂದರು. ವಿಟಮಿನ್ ಡಿ ತೀರ ಕಡಿಮೆಯಿತ್ತು, ಕಬ್ಬಿಣದ ಸಂಗ್ರಹವೂ ಕಡಿಮೆ. ಮೂಳೆಯ ಸಾಂದ್ರತೆಯ ಸ್ಕ್ಯಾನಿನಲ್ಲಿ ಸೊಂಟದ ಭಾಗದಲ್ಲಿ ವಯಸ್ಸಿಗಿಂತ ಕಡಿಮೆ ಬಂದಿದೆ. ಎರಡು ವರ್ಷದ ನಂತರ ಮತ್ತೆ ನೋಡುತ್ತಾರೆ. ಕಾಳುಗಳು ಮರಳಿ ಬಂದಿವೆ, ಎಳ್ಳು ಬಂದಿದೆ, ಹದಿನೇಳು ಪದಾರ್ಥ ತಿನ್ನುತ್ತಿದ್ದೇನೆ. ಎರಡೂವರೆ ಕಿಲೋ ಏರಿದ್ದೇನೆ. ಹಣೆಯ ಅಂಚಿನಲ್ಲಿ ಬೆರಳಿಗೆ ಚುಚ್ಚುವಂಥ ಮೋಟು ಕೂದಲು ಮೂಡುತ್ತಿವೆ.

ನೋಟ್‌ಬುಕ್ಕಿನಲ್ಲಿ ಐದು ವಾರದ ಬರವಣಿಗೆ ಇದೆ. ನಲವತ್ತೊಂದು ಬಾರಿ ಗಂಟಲು ಬಿಗಿದಿದೆ, ಅದರಲ್ಲಿ ಮೂವತ್ತಾರು ಬಾರಿ ಊಟಕ್ಕೆ ಮುಂಚೆ, ತಿನ್ನಲೋ ಬೇಡವೋ ಎಂದು ತಟ್ಟೆಯ ಮುಂದೆ ಕುಳಿತಿದ್ದಾಗ. ಅದನ್ನು ಓದಿ ಹೇಳಿದಾಗ, ಈ ಭಯಕ್ಕೆಂದು ನಾನು ಕಾಣತೊಡಗಿರುವ ಸಲಹೆಗಾರ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಭೇಟಿಗೆ ಒಂದು ತಟ್ಟೆ ಊಟ ತರಲು ಹೇಳಿದರು. ಅವರ ಎದುರಿಗೆ ಕುಳಿತು ಊಟ ಮಾಡಿದೆ. ಪೂರ್ತಿ ಮುಗಿಸಲು ನಲವತ್ತೈದು ನಿಮಿಷ ಬೇಕಾಯಿತು. ಮರೆವು ಇನ್ನೂ ಇದೆ, ನಿದ್ದೆ ಸರಿಯಾಗಿ ಬಂದ ದಿನ ಅದು ಕಡಿಮೆ ಇರುತ್ತದೆ.

ನಲವತ್ತು ವರ್ಷ

ಓದಿ ಮನಸ್ಸು ತುಂಬಿ ಬಂತು. ಒಂದು ವಿಷಯವನ್ನು ನೀವು ಬರೆದಿಲ್ಲ. ಪೆನ್ ಎಷ್ಟಿವೆ, ಎಲ್ಲಿಡುತ್ತೀರಿ?

ನಿಧಾನಗತಿ

ಎರಡಿವೆ. ಎರಡೂ ಒಂದೇ ಚೀಲದಲ್ಲಿ, ನಾನು ಹೋದಲ್ಲಿಗೆ ಬರುತ್ತವೆ. ಒಂದರ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ, ಹೊಸದಕ್ಕೆ ಚೀಟಿ ಬರೆಸಿಕೊಂಡಿದ್ದೇನೆ. ಹಳೆಯದನ್ನು ಚುಚ್ಚಿ ಕಲಿಯಲು ಒಂದು ಕಿತ್ತಳೆ ಹಣ್ಣು ತೆಗೆದಿಟ್ಟು, ಅಂದು ಊಟದಲ್ಲಿ ನನ್ನ ಪಕ್ಕದಲ್ಲಿದ್ದ ಮೂವರು ಸಹೋದ್ಯೋಗಿಗಳನ್ನು ಮನೆಗೆ ಕರೆದಿದ್ದೇನೆ.